ನಿಮ್ಮ ಪ್ರಶ್ನೆ, ಡಾಕ್ಟರ್ ಉತ್ತರ: ಮೆಡಿಕಲ್ ಕಾಲೇಜು ಆಸ್ಪತ್ರೆಯ ಟ್ರಯಲ್‌ಗೆ ಸೇರಬಹುದಾ?

ಅಡ್ಮಿನ್: ಈ ವಾರ ಡಾಕ್ಟರ್ ಮೇಡಂ ಉತ್ತರ ಕೊಡುತ್ತಾರೆ. ಮೆಡಿಕಲ್ ಕಾಲೇಜು ಆಸ್ಪತ್ರೆಯ ಮೆಡಿಸಿನ್ ವಿಭಾಗದವರು, ಎರಡು ಚಿಕಿತ್ಸೆಗಳನ್ನು ಹೋಲಿಸಿ ನೋಡುವ ಟ್ರಯಲ್‌ಗಳನ್ನು ನಡೆಸುತ್ತಾರೆ. ಪ್ರಶ್ನೆಗಳನ್ನು ಕೆಳಗೆ ಹಾಕಿ. ರಿಪೋರ್ಟ್ ಫೋಟೋ ಹಾಕಬೇಡಿ.

ಗುಬ್ಬಚ್ಚಿ: ಮೇಡಂ, ನಮ್ಮ ಮಾವನವರಿಗೆ ಆಸ್ಪತ್ರೆಯಲ್ಲಿ ಸ್ಟಡಿಗೆ ಸೇರುತ್ತೀರಾ ಎಂದು ಕೇಳಿ ಉದ್ದದ ಕಾಗದ ಕೊಟ್ಟಿದ್ದಾರೆ. ಯಾವ ಔಷಧಿ ಕೊಡುತ್ತೀರಿ ಎಂದರೆ ಕಂಪ್ಯೂಟರ್ ತೀರ್ಮಾನ ಮಾಡುತ್ತದೆ ಅಂದರಂತೆ. ಡಾಕ್ಟರಿಗೇ ಗೊತ್ತಿಲ್ಲ ಅಂದ್ರೆ ಹೇಗೆ? ಮನುಷ್ಯರನ್ನು ಗಿನಿಪಿಗ್ ಮಾಡಿದ ಹಾಗೆ ಅಲ್ವಾ?

ಡಾಕ್ಟರ್: ಯಾವುದು ಮೇಲು ಎಂದು ಗೊತ್ತಿಲ್ಲದಿರುವುದೇ ಟ್ರಯಲ್‌ಗೆ ಕಾರಣ. ಗೊತ್ತಿದ್ದೂ ಅರ್ಧ ಜನರಿಗೆ ಇನ್ನೊಂದನ್ನು ಕೊಟ್ಟರೆ ಅದು ಅನ್ಯಾಯ, ಟ್ರಯಲ್‌ಗೆ ಅನುಮತಿ ಕೊಡುವ ಎಥಿಕ್ಸ್ ಕಮಿಟಿ ಅದಕ್ಕೆ ಒಪ್ಪಬಾರದು. ಆ ಕಮಿಟಿಯಲ್ಲಿ ಡಾಕ್ಟರ್‌ಗಳಷ್ಟೇ ಅಲ್ಲ, ಕಾನೂನು ತಿಳಿದವರು, ಆಸ್ಪತ್ರೆಗೆ ಸಂಬಂಧವಿಲ್ಲದ ಸಾಮಾನ್ಯ ಜನರೂ ಇರುತ್ತಾರೆ. ಮಾವನವರು ಕಾಗದವನ್ನು ಮನೆಗೆ ತಂದು ನಿಧಾನವಾಗಿ ಓದಲಿ. ಆಮೇಲೆ ಕೇಳಲಿ: ಸೇರದಿದ್ದರೆ ನನಗೆ ಯಾವ ಚಿಕಿತ್ಸೆ ಕೊಡುತ್ತಿದ್ದಿರಿ? ನಡುರಾತ್ರಿ ತೊಂದರೆಯಾದರೆ ಯಾರಿಗೆ ಫೋನ್ ಮಾಡಲಿ? ಔಷಧಿಯಿಂದಲೇ ಹಾನಿಯಾದರೆ ಖರ್ಚು ಯಾರದು? ಉತ್ತರ ಸಮಾಧಾನ ತರದಿದ್ದರೆ ಸೇರುವುದು ಬೇಡ. ಬೇಡ ಎಂದವರ ಚಿಕಿತ್ಸೆ ಒಂದಿಷ್ಟೂ ಕಮ್ಮಿಯಾಗಬಾರದು. ಸೇರಿದ ಮೇಲೂ ಯಾವಾಗ ಬೇಕಾದರೂ ಹೊರಗೆ ಬರಬಹುದು, ಕಾರಣ ಹೇಳಬೇಕಾಗಿಲ್ಲ.

ದಾರಿಹೋಕ: ಟ್ರಯಲ್‌ನಲ್ಲಿ ಅರ್ಧ ಜನಕ್ಕೆ ಬರೀ ಸಕ್ಕರೆ ಮಾತ್ರೆ ಕೊಟ್ಟು ಸಾಯಲು ಬಿಡುತ್ತಾರೆ ಎಂದು ಕೇಳಿದ್ದೇನೆ. ನಿಜವಾ?

ಡಾಕ್ಟರ್: ಇಲ್ಲ. ಕೆಲಸ ಮಾಡುವ ಔಷಧಿ ಈಗಾಗಲೇ ಇದ್ದರೆ ಹೊಸದನ್ನು ಅದರ ಜೊತೆಗೇ ಹೋಲಿಸಬೇಕು. ಇಲ್ಲವೇ ಇರುವ ಚಿಕಿತ್ಸೆಯನ್ನು ಎರಡೂ ಗುಂಪಿಗೆ ಕೊಟ್ಟು, ಅದರ ಮೇಲೆ ಒಂದು ಗುಂಪಿಗೆ ಹೊಸ ಔಷಧಿ, ಇನ್ನೊಂದಕ್ಕೆ ಅದೇ ಥರ ಕಾಣುವ ಖಾಲಿ ಮಾತ್ರೆ ಕೊಡುತ್ತಾರೆ.

ಪಿಜಿ ಹುಡುಗ: ಮೇಡಂ, ನಾನು ಫಸ್ಟ್ ಇಯರ್ ಪಿಜಿ. ನಮ್ಮ ಥೀಸಿಸ್‌ಗೆ ಎರಡು ಆ್ಯಂಟಿಬಯೋಟಿಕ್ ಹೋಲಿಸಬೇಕು. ಒಬ್ಬರು ಬಿಟ್ಟು ಒಬ್ಬರಿಗೆ ಕೊಟ್ಟರೆ ಸಾಲದಾ? ಇಲ್ಲ ಬೆಸ ಸಂಖ್ಯೆಯ ಬೆಡ್‌ಗೆ ಒಂದು, ಸಮ ಸಂಖ್ಯೆಗೆ ಇನ್ನೊಂದು? ಕಂಪ್ಯೂಟರ್ ಪಟ್ಟಿ, ಲಕೋಟೆ ಅಂತ ಅಷ್ಟೆಲ್ಲ ಯಾಕೆ?

ಡಾಕ್ಟರ್: ಒಳ್ಳೇ ಪ್ರಶ್ನೆ, ಇದಕ್ಕೆ ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ. ಮುಂದಿನ ಬೆಡ್‌ಗೆ ಯಾವ ಔಷಧಿ ಎಂದು ನಿಮಗೆ ಮೊದಲೇ ಗೊತ್ತಿದೆ ಎಂದಿಟ್ಟುಕೊಳ್ಳಿ. ರಾತ್ರಿ ಡ್ಯೂಟಿಯಲ್ಲಿ ತೀರಾ ಸುಸ್ತಾದ ಒಬ್ಬರು ಬರುತ್ತಾರೆ. ಹೊಸ ಔಷಧಿಯ ಮೇಲೆ ನಿಮಗೆ ಒಳಗೊಳಗೇ ನಂಬಿಕೆ ಇದೆ. ಆಗ ಅವರನ್ನು ಪಕ್ಕದ ಬೆಡ್‌ಗೆ ಹಾಕಿಬಿಡುತ್ತೀರಿ, ಅಥವಾ "ಇವರು ಟ್ರಯಲ್‌ಗೆ ಸೂಕ್ತವಲ್ಲ" ಎಂದು ಬರೆದು ಬಿಟ್ಟುಬಿಡುತ್ತೀರಿ. ಮೋಸ ಮಾಡುವ ಉದ್ದೇಶ ಇರುವುದಿಲ್ಲ, ರೋಗಿಯ ಮೇಲಿನ ಕನಿಕರದಿಂದಲೇ ಹೀಗಾಗುತ್ತದೆ. ತಿಂಗಳುಗಳು ಕಳೆದಾಗ ಒಂದು ಗುಂಪಿನಲ್ಲಿ ಗಟ್ಟಿ ಜನ, ಇನ್ನೊಂದರಲ್ಲಿ ಬಳಲಿದವರು ಸೇರಿರುತ್ತಾರೆ. ಆಮೇಲೆ ಯಾವ ಲೆಕ್ಕ ಹಾಕಿದರೂ ಸರಿಹೋಗುವುದಿಲ್ಲ.

ಇದನ್ನು ತಡೆಯಲೆಂದೇ ಬ್ರಿಟನ್‌ನಲ್ಲಿ ಸ್ಟ್ರೆಪ್ಟೋಮೈಸಿನ್ ಎಂಬ ಟಿಬಿ ಔಷಧಿಯ ಟ್ರಯಲ್‌ನಲ್ಲಿ ಸಂಖ್ಯಾಶಾಸ್ತ್ರಜ್ಞ ಆಸ್ಟಿನ್ ಬ್ರಾಡ್‌ಫರ್ಡ್ ಹಿಲ್, ಯಾರಿಗೆ ಯಾವ ಚಿಕಿತ್ಸೆ ಎಂಬ ಹಂಚಿಕೆಯನ್ನು ಮುಚ್ಚಿದ ಲಕೋಟೆಯೊಳಗೆ ಇಟ್ಟರು. ರೋಗಿಯನ್ನು ಸೇರಿಸಿಕೊಂಡ ಮೇಲೆಯೇ ಲಕೋಟೆ ತೆರೆಯಬೇಕು. ಆಗ ಔಷಧಿ ತೀರಾ ಕಮ್ಮಿ ಇತ್ತು, ಎಲ್ಲರಿಗೂ ಕೊಡಲು ಸಾಲುತ್ತಿರಲಿಲ್ಲ. ಶ್ವಾಸಕೋಶದ ಟಿಬಿ ಇದ್ದ 107 ಜನ. ಆರು ತಿಂಗಳಲ್ಲಿ ಔಷಧಿ ಪಡೆದ 55 ಜನರಲ್ಲಿ 4 ಜನ ತೀರಿಕೊಂಡರು, ಬರೀ ವಿಶ್ರಾಂತಿಯಲ್ಲಿದ್ದ 52 ಜನರಲ್ಲಿ 14. 1948ರಲ್ಲಿ ಇದು ಪ್ರಕಟವಾಯಿತು. ಲಕೋಟೆಯನ್ನು ಲೈಟಿಗೆ ಹಿಡಿದು ಒಳಗಿನದನ್ನು ಓದಿದವರೂ ಇದ್ದಾರೆ, ಹಾಗಾಗಿ ಈಗ ಫೋನ್ ಅಥವಾ ಕಂಪ್ಯೂಟರ್ ಮೂಲಕ ದೂರದಿಂದ ಹೇಳುತ್ತಾರೆ. ನಿಮ್ಮ ಗೈಡ್ ಹತ್ತಿರ ಕೂತು ಇದನ್ನು ಸರಿಪಡಿಸಿಕೊಳ್ಳಿ. ಬೆಡ್ ನಂಬರ್ ಲೆಕ್ಕದಲ್ಲಿ ಮಾಡಿದರೆ ಎರಡು ವರ್ಷದ ದುಡಿಮೆ ವ್ಯರ್ಥ, ನಂಬಿ ಸೇರಿದ ರೋಗಿಗಳಿಗೂ ಅನ್ಯಾಯ.

ಪಿಜಿ ಹುಡುಗ: ಥ್ಯಾಂಕ್ಯೂ ಮೇಡಂ. ಹಾಗಾದರೆ ಎಷ್ಟು ರೋಗಿಗಳು ಬೇಕು ಎಂದು ಹೇಗೆ ಲೆಕ್ಕ ಹಾಕುವುದು?

ಸತ್ಯವಾದಿ: ಇಷ್ಟೆಲ್ಲ ಓದೋದಕ್ಕಿಂತ ಇದನ್ನು ನೋಡಿ. ಬೆಳ್ಳುಳ್ಳಿ, ಶುಂಠಿ, ನಿಂಬೆರಸ ಕುದಿಸಿ ಜೇನು ಬೆರೆಸಿ ದಿನಾ ಕುಡಿದರೆ ಹೃದಯದ ಬ್ಲಾಕ್ ಕರಗುತ್ತದೆ, ರಕ್ತ ತೆಳು ಮಾಡುವ ಮಾತ್ರೆಯೇ ಬೇಡ. ಸಾವಿರಾರು ಜನರಿಗೆ ಗುಣವಾಗಿದೆ. ಎಲ್ಲರಿಗೂ ಶೇರ್ ಮಾಡಿ.

ಮೊದಲ ಬೆಂಚು: ಸಾವಿರಾರು ಜನ ಅಂದರೆ ಯಾರು? ಎಣಿಸಿದವರು ಯಾರು? ಕುಡಿದೂ ಸತ್ತವರು ಮೆಸೇಜ್ ಕಳಿಸುತ್ತಾರಾ?

ಸತ್ಯವಾದಿ: ಎಲ್ಲದಕ್ಕೂ ನಿಮ್ಮ ಇಂಗ್ಲಿಷ್ ಪೇಪರ್ ಬೇಕಾ? ಅನುಭವ ಅಂತ ಒಂದಿದೆ. ಹಳೇ ಡಾಕ್ಟರುಗಳು ನಾಡಿ ಹಿಡಿದು ಹೇಳುತ್ತಿದ್ದರು.

ಡಾಕ್ಟರ್: ಮಾತ್ರೆ ನಿಲ್ಲಿಸಿ ಎನ್ನುವ ಆ ಮೆಸೇಜನ್ನು ದಯವಿಟ್ಟು ಅಳಿಸಿ. ಇನ್ನು ಅನುಭವದ ಮಾತು. ತಲೆಗೆ ಪೆಟ್ಟು ಬಿದ್ದವರಿಗೆ ಸ್ಟೆರಾಯ್ಡ್ ಕೊಟ್ಟರೆ ಮೆದುಳಿನ ಊತ ಇಳಿಯುತ್ತದೆ ಎಂದು ಅನುಭವಸ್ಥ ಡಾಕ್ಟರ್‌ಗಳೇ ದಶಕಗಳ ಕಾಲ ನಂಬಿ ಕೊಟ್ಟರು. ಕೊನೆಗೆ ಕ್ರ್ಯಾಶ್ ಎಂಬ ಟ್ರಯಲ್‌ನಲ್ಲಿ 10,008 ಜನರನ್ನು ಹೋಲಿಸಿ ನೋಡಿದರು. 2004ರಲ್ಲಿ ಬಂದ ಫಲಿತಾಂಶ: ಎರಡು ವಾರದೊಳಗೆ ಸ್ಟೆರಾಯ್ಡ್ ಪಡೆದವರಲ್ಲಿ ಶೇ. 21.1 ಜನ ಸತ್ತರು, ಪಡೆಯದವರಲ್ಲಿ ಶೇ. 17.9. ಔಷಧಿಯೇ ಜೀವ ತೆಗೆಯುತ್ತಿತ್ತು. ವಾರ್ಡಿನಲ್ಲಿ ನಿಂತ ಯಾವ ಡಾಕ್ಟರಿಗೂ ಇದು ಕಣ್ಣಿಗೆ ಬೀಳುವುದಿಲ್ಲ. ಪೆಟ್ಟು ಬಿದ್ದವರು ಹೇಗೂ ಸಾಯುತ್ತಾರೆ, ನೂರಕ್ಕೆ ಮೂರು ಜನ ಜಾಸ್ತಿ ಸತ್ತದ್ದನ್ನು ಗುರುತಿಸುವುದು ಒಬ್ಬರ ಅನುಭವದಿಂದ ಆಗದ ಕೆಲಸ.

ಹಳೇ ಪೇಶೆಂಟ್: ಅಲ್ಲ ಮೇಡಂ, ಅಮೆರಿಕದಲ್ಲೇ ಕಪ್ಪು ಜನರಿಗೆ ಸಿಫಿಲಿಸ್ ಇದ್ದರೂ ಔಷಧಿ ಕೊಡದೆ ನೋಡುತ್ತಾ ಕೂತಿದ್ದರಲ್ಲ, ಟಸ್ಕೀಗಿಯಲ್ಲಿ, 1932ರಿಂದ 1972ರವರೆಗೆ. ಅದೂ ಡಾಕ್ಟರುಗಳೇ ಮಾಡಿದ್ದು. ಜನ ಹೆದರುವುದರಲ್ಲಿ ತಪ್ಪೇನು?

ಡಾಕ್ಟರ್: ಏನೂ ತಪ್ಪಿಲ್ಲ. ಪೆನಿಸಿಲಿನ್ ಸಿಗುತ್ತಿದ್ದಾಗಲೂ ಅವರಿಗೆ ಕೊಡಲಿಲ್ಲ, ಅವರನ್ನು ಕೇಳಲೂ ಇಲ್ಲ. ಅಲ್ಲಿ ಎರಡು ಚಿಕಿತ್ಸೆ ಹೋಲಿಸಲಿಲ್ಲ, ರೋಗ ಹೇಗೆ ಕೊಲ್ಲುತ್ತದೆ ಎಂದು ನೋಡಿದರು. ಅದು ಅಪರಾಧ. ಒಪ್ಪಿಗೆ ಪತ್ರವನ್ನು ನಿಮ್ಮ ಭಾಷೆಯಲ್ಲಿ, ನಿಮಗೆ ಅರ್ಥವಾಗುವ ಹಾಗೆ ಕೊಡಬೇಕು ಎಂದು ನಾವು ಹಠ ಹಿಡಿಯುವುದು ಇದಕ್ಕೇ. ಪುಟ ತಿರುಗಿಸಿ "ಇಲ್ಲಿ ಸೈನ್ ಮಾಡಿ" ಎಂದಷ್ಟೇ ಹೇಳುವವರ ಟ್ರಯಲ್‌ಗೆ ಸೇರಬೇಡಿ. ನಮ್ಮ ವಿಭಾಗವೇ ಆಗಿದ್ದರೂ ಸೇರಬೇಡಿ.

ಸತ್ಯವಾದಿ: ನೋಡಿ, ಅವರೇ ಒಪ್ಪಿಕೊಂಡರು.

ಮೊದಲ ಬೆಂಚು: ಏನನ್ನು ಒಪ್ಪಿಕೊಂಡರು ಅಂತ ಇನ್ನೊಂದು ಸಲ ಓದಿ ಸ್ವಾಮಿ.

ಕಿರಿಮಗಳು: ಮೇಡಂ, ತುರ್ತು ಪ್ರಶ್ನೆ. ಅಪ್ಪನಿಗೆ 71. ಹೃದಯದ ಬಡಿತ ಏರುಪೇರು ಅಂತ ರಕ್ತ ತೆಳು ಮಾಡುವ ಎರಡು ಔಷಧಿ ಹೋಲಿಸುವ ಟ್ರಯಲ್‌ನಲ್ಲಿದ್ದಾರೆ. ಯಾವುದು ಕೊಡುತ್ತಿದ್ದಾರೆ ಎಂದು ನಮಗೂ ಗೊತ್ತಿಲ್ಲ, ಅಲ್ಲಿನ ಡಾಕ್ಟರಿಗೂ ಗೊತ್ತಿಲ್ಲವಂತೆ. ಮೇಲೆ ಸತ್ಯವಾದಿಯವರು ಹಾಕಿದ್ದಾರಲ್ಲ, ಅದೇ ಬೆಳ್ಳುಳ್ಳಿ ಕಷಾಯವನ್ನು ಅಣ್ಣ ದಿನಾ ಕುಡಿಸುತ್ತಿದ್ದಾನೆ. ಮಂಡಿ ನೋವಿಗೆ ಅಂಗಡಿಯಿಂದ ನೋವಿನ ಮಾತ್ರೆಯನ್ನೂ ತಂದು ಕೊಡುತ್ತಾನೆ. ಮೊನ್ನೆಯಿಂದ ಮಲ ಕಪ್ಪಗೆ, ಡಾಂಬರಿನ ಥರ ಅಂಟಂಟಾಗಿ ಹೋಗುತ್ತಿದೆ. ಎದ್ದು ನಿಂತರೆ ತಲೆ ಸುತ್ತು ಅನ್ನುತ್ತಾರೆ. ಅಣ್ಣ ಹೇಳಬೇಡ, ಹೇಳಿದರೆ ಟ್ರಯಲ್‌ನಿಂದ ತೆಗೆದುಹಾಕುತ್ತಾರೆ, ಫ್ರೀ ಔಷಧಿ ನಿಂತುಹೋಗುತ್ತದೆ ಅನ್ನುತ್ತಾನೆ. ಶುಕ್ರವಾರ ಚೆಕಪ್ ಇದೆ. ಅಲ್ಲಿವರೆಗೆ ಕಾಯಬಹುದಾ?

ಡಾಕ್ಟರ್: ಕಾಯಬೇಡಿ. ಈಗಲೇ ಎಮರ್ಜೆನ್ಸಿಗೆ ಕರೆದುಕೊಂಡು ಹೋಗಿ. ಇದನ್ನು ಓದಿ ಮುಗಿಸುವ ಮುಂಚೆ ಅಪ್ಪನನ್ನು ಹೊರಡಿಸಿ, ಉಳಿದದ್ದನ್ನು ದಾರಿಯಲ್ಲಿ ಓದಿ.

ಕಪ್ಪು, ಅಂಟು ಮಲ, ಜೊತೆಗೆ ತಲೆ ಸುತ್ತು ಎಂದರೆ ಹೊಟ್ಟೆಯೊಳಗೆ ರಕ್ತ ಸೋರುತ್ತಿರಬಹುದು. ಕಬ್ಬಿಣದ ಮಾತ್ರೆ ನುಂಗಿದರೂ ಮಲ ಕಪ್ಪಾಗುತ್ತದೆ, ಆದರೆ ರಕ್ತ ತೆಳು ಮಾಡುವ ಔಷಧಿಯಲ್ಲಿರುವವರ ವಿಷಯದಲ್ಲಿ ಹಾಗೆ ಅಂದುಕೊಂಡು ಸುಮ್ನೆ ಕೂರಬಾರದು. ನೋವಿನ ಮಾತ್ರೆಗಳಲ್ಲಿ ಬಹಳಷ್ಟು ಹೊಟ್ಟೆಯ ಒಳಪದರಕ್ಕೆ ಹುಣ್ಣು ಮಾಡುತ್ತವೆ. ರಕ್ತ ತೆಳು ಮಾಡುವ ಔಷಧಿಯ ಜೊತೆ ಅವು ಸೇರಿದರೆ ಅಪಾಯ ತುಂಬಾ ಜಾಸ್ತಿ. ಬೆಳ್ಳುಳ್ಳಿಯನ್ನು ಅಷ್ಟು ಪ್ರಮಾಣದಲ್ಲಿ ದಿನಾ ಕುಡಿಸುವುದೂ ಇದಕ್ಕೆ ಒತ್ತು ಕೊಡಬಹುದು. ಟ್ರಯಲ್ ಔಷಧಿಯ ಮುಂದಿನ ಡೋಸನ್ನು ಡಾಕ್ಟರ್ ನೋಡುವ ತನಕ ಕೊಡಬೇಡಿ. ಆಮೇಲೆ ನಿಲ್ಲಿಸಬೇಕೋ ಮುಂದುವರಿಸಬೇಕೋ ಅವರು ಹೇಳಲಿ, ಅಣ್ಣ ಅಲ್ಲ. ಆ ಔಷಧಿಯನ್ನು ನೀವಾಗಿಯೇ ಪೂರ್ತಿ ಬಿಟ್ಟುಬಿಟ್ಟರೆ ಲಕ್ವ ಹೊಡೆಯುವ ಅಪಾಯವೂ ಇದೆ.

ಟ್ರಯಲ್‌ಗೆ ಸೇರಿದಾಗ ಅಪ್ಪನಿಗೆ ಒಂದು ಸಣ್ಣ ಕಾರ್ಡ್ ಕೊಟ್ಟಿರುತ್ತಾರೆ, ಅದರಲ್ಲಿ ಫೋನ್ ನಂಬರ್ ಮತ್ತು ಅವರ ಸ್ಟಡಿ ನಂಬರ್ ಇರುತ್ತದೆ. ಅದನ್ನು, ಔಷಧಿಯ ಡಬ್ಬಿಯನ್ನು, ನೋವಿನ ಮಾತ್ರೆಯ ಶೀಟನ್ನು ಕೈಯಲ್ಲಿ ಹಿಡಿದು ಹೋಗಿ. ಎಮರ್ಜೆನ್ಸಿಯವರು ಆ ನಂಬರಿಗೆ ಫೋನ್ ಮಾಡಿದರೆ, ಚಿಕಿತ್ಸೆಗೆ ಬೇಕಾದಾಗ ಯಾವ ಔಷಧಿ ಎಂದು ರಹಸ್ಯ ತೆರೆದು ಹೇಳುತ್ತಾರೆ. ರಾತ್ರಿಯಾದರೂ ಹೇಳಬೇಕು, ಆ ವ್ಯವಸ್ಥೆ ಇಲ್ಲದೆ ಇಂಥ ಟ್ರಯಲ್ ನಡೆಸುವ ಹಾಗಿಲ್ಲ. ಯಾವ ಔಷಧಿ ಎನ್ನುವುದರ ಮೇಲೆ ಅದರ ಪರಿಣಾಮ ತಗ್ಗಿಸಲು ಯಾವ ಮದ್ದು ಎನ್ನುವುದು ನಿಂತಿದೆ.

ತೆಗೆದುಹಾಕುತ್ತಾರೆ ಎನ್ನುವ ಮಾತಿಗೆ: ತೊಂದರೆ ಹೇಳಿಕೊಂಡವರನ್ನು ಶಿಕ್ಷಿಸುವುದಿಲ್ಲ. ಇಂಥ ತೊಂದರೆಗಳನ್ನು ಎಣಿಸುವುದೇ ಟ್ರಯಲ್‌ನ ಕೆಲಸ. ಒಂದು ಉದಾಹರಣೆ ಕೊಡುತ್ತೇನೆ. ಹೃದಯಾಘಾತವಾದವರ ಅಡ್ಡಾದಿಡ್ಡಿ ಬಡಿತವನ್ನು ತಗ್ಗಿಸುವ ಎರಡು ಔಷಧಿಗಳು ಇಸಿಜಿಯಲ್ಲಿ ತುಂಬಾ ಚೆನ್ನಾಗಿ ಕಾಣುತ್ತಿದ್ದವು. ಕ್ಯಾಸ್ಟ್ ಎಂಬ ಟ್ರಯಲ್‌ನಲ್ಲಿ ಆ ಔಷಧಿ ಪಡೆದ 755 ಜನರಲ್ಲಿ 63 ಜನ ಸತ್ತರು, ಖಾಲಿ ಮಾತ್ರೆ ಪಡೆದ 743 ಜನರಲ್ಲಿ 26. ಲೆಕ್ಕ ನೋಡುತ್ತಿದ್ದ ಸಮಿತಿ ಎಚ್ಚರಿಸಿದ್ದರಿಂದ 1989ರಲ್ಲಿ ಆ ಔಷಧಿಗಳನ್ನು ನಡುವೆಯೇ ನಿಲ್ಲಿಸಿದರು. ಮನೆಯವರು ತೊಂದರೆಯನ್ನು ಮುಚ್ಚಿಟ್ಟರೆ ಆ ಸಮಿತಿಯ ಕಣ್ಣು ಕಟ್ಟಿದ ಹಾಗೆ. ನಿಮ್ಮ ಅಪ್ಪನಿಗೂ ಕಷ್ಟ, ಅದೇ ಔಷಧಿ ತಿನ್ನುತ್ತಿರುವ ಬೇರೆಯವರಿಗೂ ಕಷ್ಟ. ಹೊರಟಿದ್ದೀರಾ?

ಕಿರಿಮಗಳು: ಹೊರಟೆವು ಮೇಡಂ.

ಸತ್ಯವಾದಿ: ಬೆಳ್ಳುಳ್ಳಿ ತಿಂದು ಯಾರೂ ಸತ್ತಿಲ್ಲ. ಅವರ ಮಾತ್ರೆಯಿಂದಲೇ ರಕ್ತ ಬಂದಿರುವುದು. ಸುಮ್ನೆ ಹೆದರಿಸುತ್ತಿದ್ದೀರಿ.

ಗುಬ್ಬಚ್ಚಿ: ಅಣ್ಣಾ, ಒಬ್ಬರ ಅಪ್ಪ ಆಸ್ಪತ್ರೆಗೆ ಹೋಗುತ್ತಿದ್ದಾರೆ. ಈಗಲಾದರೂ ಸುಮ್ಮನಿರಿ.

ಸತ್ಯವಾದಿ: ನನ್ನ ಬಾಯಿ ಮುಚ್ಚಿಸಲು ನೀವು ಯಾರು?

ಮೊದಲ ಬೆಂಚು: ಅಡ್ಮಿನ್ ಎಲ್ಲಿ? ಇವರು ಹಾಕಿದ ಫಾರ್ವರ್ಡ್ ಇನ್ನೂ ಹಾಗೇ ಇದೆ.

ದಾರಿಹೋಕ: ಮೇಡಂ, ಹಾಗಾದರೆ ಟ್ರಯಲ್ ಅಂದ್ರೆ ಗಿನಿಪಿಗ್ ಅಲ್ವಾ?

ಡಾಕ್ಟರ್: ಮೇಲೆ ಉತ್ತರಿಸಿದ್ದೇನೆ.

ತಾಯಿಬೇರು: ಎರಡು ವರ್ಷದ ಮಗುವನ್ನು ಟ್ರಯಲ್‌ಗೆ ಸೇರಿಸಿ ಎಂದು ಕೇಳಿದ್ದಾರೆ ಮೇಡಂ, ಮಗುವಿನ ಪರವಾಗಿ ನಾನೊಬ್ಬಳೇ ಸೈನ್ ಮಾಡಿದರೆ ಸಾಕಾ?

ಹಳೇ ಪೇಶೆಂಟ್: ನನ್ನದೊಂದು ಪ್ರಶ್ನೆ. ಎರಡೂ ಚಿಕಿತ್ಸೆ ಸಮ ಅಂತ ಫಲಿತಾಂಶ ಬಂದರೆ ಟ್ರಯಲ್ ದಂಡ ಅಲ್ವಾ? ಅಷ್ಟು ಜನರನ್ನು ಸುಮ್ಮನೆ ಓಡಾಡಿಸಿದ ಹಾಗಾಯಿತು.

ಡಾಕ್ಟರ್: ದಂಡ ಅಲ್ಲ. ಸಮ ಎಂದು ಗೊತ್ತಾದರೆ ಜನ ಸುಲಭದ್ದನ್ನು ಆರಿಸಿಕೊಳ್ಳಬಹುದು. ಟಿಬಿ ಬಂದವರನ್ನು ಮೊದಲು ತಿಂಗಳುಗಟ್ಟಲೆ ಸ್ಯಾನಟೋರಿಯಂನಲ್ಲಿ, ಅಂದರೆ ಟಿಬಿಯವರಿಗೆಂದೇ ಇದ್ದ ಆಸ್ಪತ್ರೆಯಲ್ಲಿ, ಇಡುತ್ತಿದ್ದರು. ಒಳ್ಳೇ ಊಟ, ವಿಶ್ರಾಂತಿ, ಶುದ್ಧ ಗಾಳಿ ಇಲ್ಲದೆ ವಾಸಿಯಾಗದು ಎಂದೇ ನಂಬಿಕೆ. ಮದ್ರಾಸಿನಲ್ಲಿ 193 ರೋಗಿಗಳನ್ನು ಎರಡು ಗುಂಪು ಮಾಡಿ, ಒಂದೇ ಔಷಧಿಯನ್ನು ಒಂದು ಗುಂಪಿಗೆ ಸ್ಯಾನಟೋರಿಯಂನಲ್ಲಿ, ಇನ್ನೊಂದಕ್ಕೆ ಮನೆಯಲ್ಲಿ ಒಂದು ವರ್ಷ ಕೊಟ್ಟು ನೋಡಿದರು. ಬಡವರು, ಇಕ್ಕಟ್ಟಿನ ಮನೆ, ಸರಿಯಾದ ಊಟವಿಲ್ಲ. ಆದರೂ ಮನೆಯಲ್ಲಿದ್ದವರು ಹೆಚ್ಚುಕಮ್ಮಿ ಅಷ್ಟೇ ಚೆನ್ನಾಗಿ ಗುಣವಾದರು, ಮನೆಮಂದಿಗೆ ರೋಗ ಅಂಟಿದ್ದೂ ಜಾಸ್ತಿಯಾಗಲಿಲ್ಲ. 1959ರಲ್ಲಿ ಇದು ಪ್ರಕಟವಾಯಿತು. ದುಡಿಯುವ ಅಪ್ಪ, ಮಗುವಿನ ತಾಯಿ ಮನೆ ಬಿಟ್ಟು ತಿಂಗಳುಗಟ್ಟಲೆ ದೂರ ಇರಬೇಕಾಗಿಲ್ಲ ಎಂದು ತಿಳಿದದ್ದು ಆ 193 ಜನ ಒಪ್ಪಿ ಸೇರಿದ್ದರಿಂದ. ಇದನ್ನು ನೆನೆದರೆ ನನಗೆ ಈಗಲೂ ಮನಸ್ಸು ತುಂಬಿ ಬರುತ್ತದೆ.

ಹಳೇ ಪೇಶೆಂಟ್: ಇದು ಗೊತ್ತಿರಲಿಲ್ಲ. ನಮ್ಮ ದೊಡ್ಡಪ್ಪ ಸ್ಯಾನಟೋರಿಯಂನಲ್ಲಿದ್ದವರು.

ಸೋಮವಾರ: ಟ್ರಯಲ್‌ಗೆ ಸೇರಿದರೆ ದುಡ್ಡು ಎಷ್ಟು ಕೊಡುತ್ತಾರೆ?

ಡಾಕ್ಟರ್: ಓಡಾಟದ ಖರ್ಚು ಕೊಡಬಹುದು. ದುಡ್ಡಿಗಾಗಿ ಸೇರಬೇಡಿ.

ಸತ್ಯವಾದಿ: ಕಂಪನಿಯವರು ಡಾಕ್ಟರಿಗೆ ಎಷ್ಟು ಕೊಡುತ್ತಾರೆ ಅನ್ನೋದನ್ನೂ ಹೇಳಿ ಮೇಡಂ.

ಡಾಕ್ಟರ್: ಕೇಳಬೇಕಾದ ಪ್ರಶ್ನೆಯೇ. ಟ್ರಯಲ್‌ಗೆ ಹಣ ಕೊಡುವವರು ಯಾರು ಎಂದು ರೋಗಿಗೆ ತಿಳಿಸಬೇಕು, ಕಾಗದದಲ್ಲಿ ಇಲ್ಲದಿದ್ದರೆ ಬಾಯಿ ಬಿಟ್ಟು ಕೇಳಿ. ಆದರೆ ನೀವು ಮೊದಲು ಆ ಕಷಾಯದ ಮೆಸೇಜ್ ಅಳಿಸಿ. ಎರಡನೇ ಸಲ ಹೇಳುತ್ತಿದ್ದೇನೆ.

ಅಡ್ಮಿನ್: ತಡವಾಯಿತು, ಕ್ಷಮಿಸಿ. ಅದನ್ನು ನಾನೇ ಅಳಿಸಿದ್ದೇನೆ.

ಸತ್ಯವಾದಿ: ಇದು ಡಾಕ್ಟರ್‌ಗಳ ಗುಂಪು ಅಂತ ಮೊದಲೇ ಹೇಳಬೇಕಿತ್ತು. ನಾನು ಹೊರಡುತ್ತೇನೆ.

ಕಿರಿಮಗಳು: ಮೇಡಂ, ಅಡ್ಮಿಟ್ ಮಾಡಿಕೊಂಡರು. ಹಿಮೋಗ್ಲೋಬಿನ್ 7 ಇದೆಯಂತೆ, ರಕ್ತ ಕೊಡುತ್ತಿದ್ದಾರೆ. ಬೆಳಿಗ್ಗೆ ಎಂಡೋಸ್ಕೋಪಿ ಮಾಡುತ್ತಾರಂತೆ. ಕಾರ್ಡ್ ತೋರಿಸಿದ ಕೂಡಲೇ ಟ್ರಯಲ್‌ನವರಿಗೆ ಫೋನ್ ಮಾಡಿದರು. ಔಷಧಿ ನಿಲ್ಲಿಸಿದ್ದಾರೆ. ಆದರೂ ಟ್ರಯಲ್‌ನವರು ಮುಂದೆಯೂ ಚೆಕಪ್‌ಗೆ ಬನ್ನಿ ಅನ್ನುತ್ತಿದ್ದಾರೆ, ಔಷಧಿಯೇ ಇಲ್ಲದ ಮೇಲೆ ಯಾಕೆ?

ಡಾಕ್ಟರ್: ಸರಿಯಾದ ಹೊತ್ತಿಗೆ ಹೋದಿರಿ. ತೊಂದರೆಯಾದವರನ್ನೆಲ್ಲ ಲೆಕ್ಕದಿಂದ ಬಿಟ್ಟರೆ ಉಳಿಯುವುದು ಚೆನ್ನಾಗಿರುವವರು ಮಾತ್ರ, ಆಗ ಎಂಥ ಔಷಧಿಯೂ ಒಳ್ಳೆಯದಾಗಿಯೇ ಕಾಣುತ್ತದೆ. ಅದಕ್ಕೇ ಔಷಧಿ ನಿಂತರೂ ಅಪ್ಪ ಮೊದಲು ಸೇರಿದ ಗುಂಪಿನಲ್ಲೇ ಅವರನ್ನು ಎಣಿಸುತ್ತಾರೆ. ಹೋಗುವುದು ಬಿಡುವುದು ಅಪ್ಪನ ಇಷ್ಟ, ಹೋದರೆ ಒಳ್ಳೆಯದು. ಕಷಾಯ ಮತ್ತು ನೋವಿನ ಮಾತ್ರೆಯ ವಿಷಯ ಅಲ್ಲಿನ ಡಾಕ್ಟರಿಗೆ ಹೇಳಿದಿರಾ?

ಕಿರಿಮಗಳು: ನೋವಿನ ಮಾತ್ರೆ ಶೀಟ್ ಕೊಟ್ಟೆ. ಕಷಾಯದ ವಿಷಯ ಹೇಳಬೇಡ ಅಂತ ಅಣ್ಣ ಪಕ್ಕದಲ್ಲೇ ನಿಂತಿದ್ದಾನೆ.

ಡಾಕ್ಟರ್: ಅಣ್ಣನ ಎದುರಿಗೇ ಹೇಳಿ. ಎಷ್ಟು ದಿನದಿಂದ, ದಿನಕ್ಕೆ ಎಷ್ಟು ಎಂದೂ ಹೇಳಿ. ಎಂಡೋಸ್ಕೋಪಿಗೆ ಮುಂಚೆ ಅವರಿಗೆ ಗೊತ್ತಿರಬೇಕು. ಬೇಕಿದ್ದರೆ ಅಣ್ಣನಿಗೆ ಈ ಮೆಸೇಜ್ ತೋರಿಸಿ.

ದಾರಿಹೋಕ: ಮೇಡಂ, ಬಿಪಿಗೆ ಇಂಥದ್ದೇ ಒಂದು ಕಷಾಯ ಬಂದಿದೆ, ಕಳಿಸಲಾ?

ಡಾಕ್ಟರ್: ಬೇಡ.