ಭಾವನ ಬೊಲೆರೊಗೆ ರಿಮೋಟ್ ಸ್ಟಾರ್ಟ್ ಬೇಕಾ? ಮನೆ ಗ್ರೂಪಲ್ಲಿ ನಿನ್ನೆ ರಾತ್ರಿ ಚರ್ಚೆ

ತಮ್ಮ: ನಾನು ಕಳ್ಸಿದ ವಿಡಿಯೋ ನೋಡಿ ಎಲ್ರೂ, ಗಾಡಿ ಹತ್ತೋ ಮೊದ್ಲೇ ದೂರದಿಂದ ಬಟನ್ ಒತ್ತಿ ಇಂಜಿನ್ ಸ್ಟಾರ್ಟ್ ಮಾಡೋದು. ಹಳೇ ಗಾಡಿಗೂ ರಿಮೋಟ್ ಸ್ಟಾರ್ಟ್ ಕಿಟ್ ಹಾಕ್ಬೋದಂತೆ. ಭಾವ, ನಿಮ್ ಬೊಲೆರೊಗೆ ಹಾಕ್ಸಿ

ಭಾವ: ಒಳ್ಳೇದೇ ಮಾರಾಯ. ಮಳೆಗಾಲ ಬಂದ್ರೆ ಗ್ಲಾಸ್ ಒಳಗೆಲ್ಲ ಮಂಜು, ಕಾಫಿ ಕುಡಿಯೋದ್ರೊಳಗೆ ಕ್ಲಿಯರ್ ಆದ್ರೆ ಆಯ್ತಲ್ಲ

ನಾನು: ಭಾವ ದಯವಿಟ್ಟು ಬೇಡ. ನಿಮ್ದು ಮ್ಯಾನುಯಲ್, ಅಂಗಳ ಇಳಿಜಾರು, ಹ್ಯಾಂಡ್‌ಬ್ರೇಕ್ ನಂಬದೆ ಫಸ್ಟ್ ಗೇರಲ್ಲೇ ಬಿಟ್ಟು ಟಯರಿಗೆ ಕಲ್ಲು ಇಡ್ತೀರ. ಗೇರಲ್ಲಿದ್ದಾಗ ಸ್ಟಾರ್ಟರ್ ತಿರುಗಿದ್ರೆ ಗಾಡಿ ಮುಂದಕ್ಕೆ ನುಗ್ಗುತ್ತೆ, ಮುಂದೆ ಇರೋದು ಕಾಫಿ ಕಣ, ಅಲ್ಲೇ ಮಕ್ಕಳು ಆಡೋದು. ಕ್ಲಚ್ ಒತ್ತಿದ್ರೇನೇ ಸ್ಟಾರ್ಟ್ ಆಗ್ಲಿ ಅಂತ ಕೆಲವು ಗಾಡೀಲಿ ಸ್ವಿಚ್ ಇರೋದೇ ಇದಕ್ಕೆ, ಹೊರಗಡೆ ಕಿಟ್ ಹಾಕೋವಾಗ ಅದನ್ನೇ ಬೈಪಾಸ್ ಮಾಡ್ತಾರೆ. ಚಿಪ್ ಕೀ, ಅಂದ್ರೆ ಕೀಲಿರೋ ಚಿಪ್ ಗುರುತು ಸಿಕ್ಕಿದ್ರೇನೇ ಸ್ಟಾರ್ಟ್ ಆಗೋ ಗಾಡಿಗಾದ್ರೆ ಕೆಲವು ಕಿಟ್ಟಿಗೆ ಸ್ಪೇರ್ ಕೀನೇ ಡ್ಯಾಶ್‌ಬೋರ್ಡ್ ಒಳಗೆ ಇಟ್ಟುಬಿಡ್ಬೇಕು, ಕಳ್ಳನಿಗೆ ಇನ್ನೇನ್ ಬೇಕು

ತಮ್ಮ: ಅಕ್ಕ ನೀನು ಎಲ್ಲದಕ್ಕೂ ಹೆದರ್ತೀಯ. ನಾನು ಬೆಂಗಳೂರಲ್ಲಿ ದಿನಾ ಆ್ಯಪಲ್ಲೇ ಎಸಿ ಆನ್ ಮಾಡ್ತೀನಿ

ನಾನು: ನಿಂದು ಆಟೋಮ್ಯಾಟಿಕ್, ಕಂಪನಿಯಿಂದಲೇ ಬಂದಿದ್ದು, ಪಾರ್ಕಲ್ಲಿ ಇಲ್ದಿದ್ರೆ ಸ್ಟಾರ್ಟೇ ಆಗಲ್ಲ, ಅದು ಬೇರೆ ಮಾತು. ಆದ್ರೆ ಆ್ಯಪ್ ಅಂದ್ರೆ ನಿನ್ನ ಫೋನಿಂದ ಸರ್ವರಿಗೆ ಹೋಗಿ ಅಲ್ಲಿಂದ ಕಾರಿನೊಳಗಿನ ಸಿಮ್ಮಿಗೆ ಬರ್ಬೇಕು. ನಮ್ ಕೊಡಗಿನ ಶಾಂತಳ್ಳಿಲಿ ಜುಲೈ ಮಳೆಗೆ ಕರೆಂಟ್ ಹೋದ್ರೆ ಹಿಂದೆನೇ ಟವರೂ ಹೋಗುತ್ತೆ. ಆ್ಯಪಿನ ಫ್ರೀ ವರ್ಷ ಮುಗಿದ ಮೇಲೆ ದುಡ್ಡು ಬೇರೆ ಕಟ್ಬೇಕು. ಕೀಲಿರೋ ಬಟನ್ ರೇಡಿಯೋ ಸಿಗ್ನಲ್ಲು, ಟವರ್ ಬೇಡ, ದೂರ ಹೋಗಲ್ಲ ನಿಜ, ಆದ್ರೆ ಅಷ್ಟು ಹತ್ರದಿಂದ ಗಾಡಿ ಮುಂದೆ ಯಾರಿದ್ದಾರೆ ಅಂತ ಕಾಣುತ್ತೆ, ನಂಗೆ ಅದೇ ಮುಖ್ಯ

ಅತ್ತೆ: ಚಳಿಗೆ ಇಂಜಿನ್ ಬಿಸಿ ಮಾಡ್ಬೇಕಲ್ವನೇ?

ನಾನು: ಅತ್ತೆ ಅದು ಮೈನಸ್ 20 ಇರೋ ಕೆನಡಾದಲ್ಲಿ. ಮಡಿಕೇರಿ ಡಿಸೆಂಬರಿಗೆ ಅರ್ಧ ನಿಮಿಷ ಸಾಕು, ಆಮೇಲೆ ನಿಧಾನಕ್ಕೆ ಓಡಿಸಿದ್ರೆ ತಾನೇ ಬಿಸಿಯಾಗುತ್ತೆ. ಶೆಡ್ ಬಾಗಿಲು ಹಾಕಿರೋವಾಗಂತೂ ಸ್ಟಾರ್ಟ್ ಮಾಡಲೇಬಾರದು, ಕಾರ್ಬನ್ ಮಾನಾಕ್ಸೈಡ್ ವಾಸನೆಯೇ ಬರಲ್ಲ, ಗೊತ್ತಾಗೋದ್ರೊಳಗೆ ಜೀವ ಹೋಗಿರುತ್ತೆ

ನಾನು: ಇನ್ನೊಂದು, ಪೇಟೆ ರೋಡಲ್ಲಿ ನಿಲ್ಸಿ ದೂರದಿಂದ ಸ್ಟಾರ್ಟ್ ಮಾಡೋದು ಮೋಟಾರು ವಾಹನ ಕಾಯ್ದೆ 1988ರ 126ನೇ ಸೆಕ್ಷನ್ ಪ್ರಕಾರ ತಪ್ಪು, ಸೀಟಲ್ಲಿ ಲೈಸೆನ್ಸ್ ಇರೋರು ಇರ್ಬೇಕು, ಇಲ್ಲ ಇಂಜಿನ್ ಆಫ್ ಆಗಿರ್ಬೇಕು

ತಮ್ಮ: ಹಂಗಂದ್ರೆ ಟೆಕ್ನಾಲಜಿನೇ ಬೇಡ್ವಾ?

ನಾನು: ಬೇಕು ಕಣೋ, ಎಲೆಕ್ಟ್ರಿಕ್ ಕಾರಲ್ಲಿ ಇಂಜಿನ್ನೇ ಇಲ್ಲ, ಹೊಗೆ ಇಲ್ಲ, ಅಲ್ಲಿ ಎಸಿ ಮೊದ್ಲೇ ಹಾಕೋದು ನಿಜವಾಗ್ಲೂ ಉಪಯೋಗ. ಬೊಲೆರೊಗೆ ಬೇಡ ಅಷ್ಟೇ

ಭಾವ: ಆಯ್ತಮ್ಮ, ಕಿಟ್ ಬೇಡ. ಆದ್ರೆ ಗ್ಲಾಸಿಗೆ ಏನ್ ಮಾಡ್ಲಿ?

ನಾನು: ಎಸಿ ಹಾಕಿ, ಬ್ಲೋವರ್ ಗಾಳಿ ಗ್ಲಾಸ್ ಕಡೆ ತಿರುಗ್ಸಿ ಭಾವ, ಎರಡು ನಿಮಿಷದ ಕೆಲ್ಸ