ಅರಬುಕೊ-ಸೊಕೊಕೆ ಕಾಡು: ಅಮ್ಮನನ್ನೂ ಕರೆದುಕೊಂಡು ಹೋಗಬಹುದಾ?

ನೀಲಿಹಕ್ಕಿ:
ಕೆಲಸದ ಮೇಲೆ ಕೀನ್ಯಾದ ಮೊಂಬಾಸಾದಲ್ಲಿದ್ದೇನೆ. ಅಮ್ಮನೂ ಬಂದಿದ್ದಾರೆ. ಅವರಿಗೆ 64, ನಡೆಯುತ್ತಾರೆ, ಆದರೆ ಏರು ಹತ್ತುವುದು ಕಷ್ಟ. ಭಾನುವಾರ ಈ ಕಾಡಿಗೆ ಹೋಗೋಣ ಅಂತಿದ್ದೇವೆ. ಆನೆ ಕಾಣುತ್ತವಾ? ಜೀಪ್ ಬೇಕಾ?

ಹಾದಿಗ:
ಖಂಡಿತ ಹೋಗಿ. ನಾನು ಮೂರು ಸಲ ಹೋಗಿದ್ದೇನೆ. ಆನೆಗಳಿವೆ, ಆದರೆ ನಾನು ನೋಡಿದ್ದು ಲದ್ದಿ ಮಾತ್ರ. ಕಾಡು ಅಷ್ಟು ದಟ್ಟ. ಸುಮಾರು 420 ಚದರ ಕಿಲೋಮೀಟರ್ ಇದೆ. ಪೂರ್ವ ಆಫ್ರಿಕಾದ ಕರಾವಳಿಯಲ್ಲಿ ಉಳಿದಿರುವ ಒಣಕಾಡಿನ ತುಣುಕುಗಳಲ್ಲಿ ಇದೇ ದೊಡ್ಡದು.

ಗೇಡೆ ಊರಿನ ಕಡೆಯ ಗೇಟಿನ ಹತ್ತಿರದ ಹಾದಿ ಹೆಚ್ಚುಕಮ್ಮಿ ಸಮತಟ್ಟು. ಅಮ್ಮನಿಗೆ ತೊಂದರೆಯಾಗಲ್ಲ. ಬೆಳಕು ಹರಿಯುವ ಹೊತ್ತಿಗೆ ಅಲ್ಲಿರಿ, ಬಿಸಿಲೇರಿದರೆ ಸೆಕೆಗೆ ಕಾಲೇ ಎದ್ದೇಳಲ್ಲ. ಗೈಡ್ ಇಲ್ಲದೆ ಮಾತ್ರ ಹೋಗಬೇಡಿ.

ಅಲ್ಲಿ ನೋಡಬೇಕಾದ್ದು ಸೆಂಗಿ ಅನ್ನೋ ಪುಟ್ಟ ಪ್ರಾಣಿ. ಆನೆಯ ಸೊಂಡಿಲಿನಂಥ ಮೂತಿ, ಅರ್ಧ ಕೆಜಿ ತೂಕ, ಹಿಂಭಾಗ ಮಾತ್ರ ಬಂಗಾರದ ಬಣ್ಣ. ತರಗೆಲೆಯಲ್ಲಿ ಸರಸರ ಸದ್ದಾದರೆ ನಿಂತುಬಿಡಿ. ನಾನು ಮೊದಲ ಸಲ ಸದ್ದಿನ ಕಡೆಗೆ ಓಡಿದೆ. ಬಾಲದಿಂದ ನೆಲ ಬಡಿದು, ಚಂಗನೆ ಹಾರಿ ಹೋಯಿತು. ಎರಡನೇ ಸಲ ಸುಮ್ನೆ ಕೂತೆ. ಅದೇ ಹತ್ತಿರ ಬಂತು, ಮೂತಿಯಿಂದ ಎಲೆ ಕೆದಕುತ್ತಾ. ಆ ಐದು ನಿಮಿಷ ನನಗೆ ಇವತ್ತಿಗೂ ಮರೆತಿಲ್ಲ.

ನೀಲಿಹಕ್ಕಿ:
ಗೂಬೆ ಇದೆಯಂತಲ್ಲ? ಅಮ್ಮನಿಗೆ ಗೂಬೆ ಅಂದರೆ ತುಂಬಾ ಇಷ್ಟ.

ಹಾದಿಗ:
ಸೊಕೊಕೆ ಸ್ಕಾಪ್ಸ್ ಗೂಬೆ. ಗೇಣುದ್ದ ಅಷ್ಟೇ. ಬಿಳಿ ಮರಳು ಮುಗಿದು ನೆಲ ಕೆಂಪಾದರೆ ಮರಗಳೂ ಬದಲಾಗುತ್ತವೆ, ಸೈನೋಮೆಟ್ರಾ ಅನ್ನೋ ಜಾತಿಯ ಮರಗಳು ಶುರುವಾಗುತ್ತವೆ. ಗೂಬೆ ಇರುವುದು ಅಲ್ಲೇ. ಗೈಡ್ ಬೆರಳು ತೋರಿಸಿದ ಮೇಲೂ ನನಗೆ ಕೊಂಬೆ ಬಿಟ್ಟು ಬೇರೇನೂ ಕಾಣಲಿಲ್ಲ, ಅದು ಕಣ್ಣು ಬಿಡುವವರೆಗೆ. ಆ ಭಾಗ ಗೇಟಿನಿಂದ ದೂರ. ಅದಕ್ಕೆ ಗಾಡಿ ಬೇಕು.

ಮಳೆಮರ:
ಒಂದು ಮಾತು ಸೇರಿಸುತ್ತೇನೆ. ಗೂಬೆಯ ಕೂಗನ್ನು ಮೊಬೈಲಿನಲ್ಲಿ ಹಾಕಿ ಕರೆಸುವುದು ಬೇಡ ಅಂತ ಗೈಡ್‌ಗೆ ಮೊದಲೇ ಹೇಳಿ. ಹಗಲು ಅದು ಮಲಗುವ ಹೊತ್ತು, ಅಲ್ವಾ? ಫ್ಲಾಶ್ ಕೂಡ ಬೇಡ.

ವಾಪಸ್ ಬರುವಾಗ ಗೇಡೆಯಲ್ಲಿ ಕಿಪೆಪೆಯೋ ಅನ್ನೋ ಚಿಟ್ಟೆ ಕೇಂದ್ರ ನೋಡಿ. ಕಾಡಂಚಿನ ರೈತರು ಚಿಟ್ಟೆಯ ಕೋಶ ಬೆಳೆಸಿ ಹೊರದೇಶಗಳಿಗೆ ಮಾರುತ್ತಾರೆ. 1993ರಿಂದ ನಡೆಯುತ್ತಿದೆ. ಕಾಡು ನಿಂತರೆ ತಾನೇ ಅವರಿಗೆ ಚಿಟ್ಟೆ, ಹಾಗಾಗಿ ಕಾಡಿನ ಬಗ್ಗೆ ಅವರ ಹತ್ತಿರವೇ ಕೇಳಿ.

ನೀಲಿಹಕ್ಕಿ:
ಅಮ್ಮನಿಗೆ ಎಲ್ಲಾ ಓದಿ ಹೇಳಿದೆ. ಈಗಲೇ ಬೈನಾಕ್ಯುಲರ್ ಒರೆಸಿ ಇಟ್ಟುಕೊಂಡಿದ್ದಾರೆ.