ಅಪ್‌ಡೇಟ್: ನಮ್ಮ ಸರ್ಕಾರಿ ಶಾಲೆಯ ಆಟದ ಮೈದಾನ

ಬಡಾವಣೆಯ ಸರ್ಕಾರಿ ಶಾಲೆಯ ಮೈದಾನದಲ್ಲಿ ಅಪಾರ್ಟ್‌ಮೆಂಟ್ ಕಟ್ಟುವವರು ಜಲ್ಲಿ, ಎಂ-ಸ್ಯಾಂಡ್ ಸುರಿಯುತ್ತಿದ್ದಾರೆ, ತಡೆಯುವುದು ಹೇಗೆ ಎಂದು ಕಳೆದ ತಿಂಗಳು ಕೇಳಿದ್ದೆ. ನೀವು ಸೂಚಿಸಿದಂತೆ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯ ಸಭೆ ಕರೆಸಿ, ಪ್ರತಿ ಶಾಲೆಗೂ ಆಟದ ಮೈದಾನ ಇರಬೇಕೆನ್ನುವ 2009ರ ಶಿಕ್ಷಣ ಹಕ್ಕು ಕಾಯ್ದೆಯ ಅನುಸೂಚಿಯನ್ನು ಉಲ್ಲೇಖಿಸಿ ಠರಾವು ಮಾಡಿಸಿದೆವು; ಅದರ ಪ್ರತಿಯನ್ನು ಸರ್ವೆ ನಕ್ಷೆ ಹಾಗೂ ಫೋಟೊಗಳೊಂದಿಗೆ ಕ್ಷೇತ್ರ ಶಿಕ್ಷಣಾಧಿಕಾರಿಗಳ ಕಚೇರಿಗೆ ಕೊಟ್ಟು, ಮೊಹರು ಹಾಕಿದ ಸ್ವೀಕೃತಿ ಪಡೆದೆವು. ಬಾಯಿಮಾತಿನ ದೂರುಗಳಿಂದ ಆಗದ ಕೆಲಸ ಆ ಮೊಹರಿನಿಂದ ಆಯಿತೆಂಬುದು ನನ್ನ ನಂಬಿಕೆ. ಹನ್ನೆರಡನೆಯ ದಿನ ಜಲ್ಲಿಯ ರಾಶಿ ಎತ್ತಿದರು. ಟಿಪ್ಪರ್ ಚಕ್ರಗಳು ಕೊರೆದ ಗುಂಡಿಗಳು ಇನ್ನೂ ಹಾಗೆಯೇ ಇವೆ. ಆದರೂ ನಿನ್ನೆ ಸಂಜೆ ಹುಡುಗಿಯರು ಅವುಗಳ ನಡುವೆಯೇ ಸುಣ್ಣದ ಪುಡಿಯಿಂದ ಖೊಖೊ ಅಂಕಣ ಎಳೆದುಕೊಂಡು ಆಡಿದರು. ಮುರಿದ ಕಾಂಪೌಂಡ್ ಗೋಡೆಯನ್ನು ಗುತ್ತಿಗೆದಾರರಿಂದಲೇ ಕಟ್ಟಿಸಬೇಕೆಂದು ಎರಡನೆಯ ಅರ್ಜಿ ಸಲ್ಲಿಸಿದ್ದೇವೆ.